ಸೋಮವಾರದ ಮಾತ್ರೆ

ನಾನು ಬುತ್ತಿ ಡಬ್ಬಿಯನ್ನು ಬಸ್ಸಿನಲ್ಲಿ ಮರೆಯದೇ ಇದ್ದಿದ್ದರೆ ಮೂಗೂರಿನ ಆ ಅಮ್ಮ ಬದುಕುತ್ತಿರಲಿಲ್ಲ. ಈ ಮಾತನ್ನು ಎಷ್ಟು ಸಲ ತಿರುಗಿಸಿ ನೋಡಿದರೂ ಅದರಲ್ಲಿ ನನ್ನ ಜಾಣತನ ಎಲ್ಲೂ ಸಿಗುವುದಿಲ್ಲ.

ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ನಾನು ಸೇರಿದ್ದು ಸಂಧಿವಾತದ ಅಧ್ಯಯನವೊಂದಕ್ಕೆ. ಕೀಲು ಊದುವ ರುಮಟಾಯ್ಡ್ ಕಾಯಿಲೆ ಹೊಸದಾಗಿ ಹಿಡಿದವರನ್ನು ಹಲವು ಊರುಗಳಲ್ಲಿ ಗಮನಿಸಬೇಕು, ಚಿಕಿತ್ಸೆಯಲ್ಲಿ ಕೈಹಾಕದೆ ಬರೆದುಕೊಳ್ಳಬೇಕು. ನನ್ನ ಪಾಲಿಗೆ ನಂಜನಗೂಡು ಮತ್ತು ತಿ. ನರಸೀಪುರದ ಎರಡು ಕೇಂದ್ರಗಳು ಬಂದವು. ತಿಂಗಳಿಗೊಮ್ಮೆ ಡಾಕ್ಟರು ಊದಿದ ಕೀಲುಗಳನ್ನು ಎಣಿಸುವರು. ನಾನು ಕಾಗದದ ಮೇಲಿನ ಉದ್ದ ಗೆರೆ ತೋರಿಸಿ, "ಎಡತುದಿ ಅಂದ್ರೆ ನೋವೇ ಇಲ್ಲ, ಬಲತುದಿ ಅಂದ್ರೆ ತಡೆಯೋಕಾಗದ ನೋವು, ನಿಮ್ಮದು ಎಲ್ಲಿದೆ ಗುರುತು ಹಾಕಿ" ಎನ್ನುತ್ತಿದ್ದೆ.

ಮೂಗೂರಿನಿಂದ ತಿ. ನರಸೀಪುರದ ಕೇಂದ್ರಕ್ಕೆ ಬರುತ್ತಿದ್ದ, ಭತ್ತದ ನಾಟಿಯಲ್ಲಿ ಪಳಗಿದ ಆ ಅಮ್ಮ ಮೊದಲ ಸಲ ಪೆನ್ನು ಹಿಡಿದು ಕೇಳಿದ್ದರು, "ಇದ್ರಲ್ಲಿ ನಮ್ಮತ್ತೆ ಕೊಟ್ಟಿದ್ ನೋವೂ ಸೇರ್ತದಾ?"

"ಇಲ್ಲಮ್ಮ, ಕೀಲಿನದು ಮಾತ್ರ."

"ಅಂಗಾದ್ರೆ ಗೆರೆ ಸಾಕಾಯ್ತದೆ ಬುಡು."

ಅವರ ಮದ್ದಿನಲ್ಲಿ ಎರಡು ಮಾತ್ರೆಗಳಿದ್ದವು. ವಾರಕ್ಕೆ ಒಂದೇ ದಿನ ಒಂದು ಗಟ್ಟಿ ಮಾತ್ರೆ. ಮಿಕ್ಕ ಆರು ದಿನ, ಅದರ ಉಪದ್ರವ ತಡೆಯುವ ವಿಟಮಿನ್ನು. ಗಟ್ಟಿಯದಕ್ಕೆ ನಂಜನಗೂಡಿನ ಡಾಕ್ಟರು ತಮ್ಮ ರೋಗಿಗಳಿಗೆಲ್ಲ ಸೋಮವಾರ ಗೊತ್ತುಮಾಡಿದ್ದರು. ಆ ಊರಿನಲ್ಲಿ ಸೋಮವಾರವನ್ನು ಮರೆಯುವವರು ಯಾರಿದ್ದಾರೆ? ಈ ಉಪಾಯವನ್ನು ತಿ. ನರಸೀಪುರದ ಡಾಕ್ಟರಿಗೆ ಒಯ್ದು ಹೇಳಿದವಳು, ಚಿಕಿತ್ಸೆಯಲ್ಲಿ ಕೈಹಾಕಬಾರದಿದ್ದ ನಾನೇ.

ನಾಟಿಯ ತಿಂಗಳಲ್ಲಿ ಆ ಅಮ್ಮ ಬರಲಿಲ್ಲ. ಮೈಸೂರಿನಲ್ಲಿ ಕೂತು ಎಲ್ಲ ಕೇಂದ್ರಗಳ ಲೆಕ್ಕ ನೋಡುವ ಪ್ರೊಫೆಸರು ಫೋನಿನಲ್ಲಿ ಹೇಳಿದರು, "ಬರದೇ ಇದ್ದವರಿಗೆ ಹೋದ ತಿಂಗಳ ಅಂಕಿಯನ್ನೇ ಮುಂದಕ್ಕೆ ಎಳೀರಿ. ಕೈ ವಾಸಿಯಾಗಿ ನಾಟಿಗೆ ಹೋಗಿರ್ತಾರೆ." ಅವರ ಹಿಂದಿನ ಗುರುತು ಎಡತುದಿಗೆ ಅಂಟಿಕೊಂಡೇ ಇತ್ತು. ಎಳೆದೆ. 'ಬಾರದಿರಲು ಕಾರಣ' ಎಂಬ ಒಂದು ಅಂಕಣ ಮಾತ್ರ ಉಳಿದಿತ್ತು. 'ನಾಟಿ' ಎಂದು ಟೈಪು ಮಾಡಿ ಒಂದು ಕೀಲಿ ಒತ್ತಿದ್ದರೆ ಕೆಲಸ ಮುಗಿಯುತ್ತಿತ್ತು.

ಆದರೆ ಮಧ್ಯಾಹ್ನವಾಗಿತ್ತು, ಹೊಟ್ಟೆ ಹಸಿದಿತ್ತು, ನನ್ನ ಬುತ್ತಿ ನಂಜನಗೂಡಿನಿಂದ ಬಂದ ಬಸ್ಸಿನಲ್ಲೇ ಹೊರಟುಹೋಗಿತ್ತು. "ಮೂಗೂರ್ಗೆ ಬಾ ಮಗ, ಮುದ್ದೆ ಉಪ್ಸಾರು ಇಕ್ತೀನಿ" ಎಂದು ಆಕೆ ಹೋದ ತಿಂಗಳು ಕರೆದದ್ದು ನೆನಪಾಯಿತು. ಕಾರಣ ಕೇಳುವ ನೆಪದಲ್ಲಿ ಬಸ್ಸು ಹತ್ತಿದೆ.

ಆಕೆ ಜಗುಲಿಯ ಮೇಲೆ ಮಲಗಿದ್ದರು. ತುಟಿ ಒಡೆದು ರಕ್ತ ಜಿನುಗುತ್ತಿತ್ತು, ಮೈ ಸುಡುತ್ತಿತ್ತು. ಬಾಯಿ ತೆರೆದಾಗ ಒಳಗೆಲ್ಲ ಹುಣ್ಣು.

"ಉಪ್ಸಾರ್ಗೆ ಬಂದ್ಯಾ? ಐದ್ ದಿನಾಯ್ತು ಕಣವ್ವ, ಖಾರ ನಾಲ್ಗೆಗೆ ಮುಟ್ಸಂಗಿಲ್ಲ."

"ಮಾತ್ರೆ ಸರಿಯಾಗಿ ತಗೊಂಡಿದ್ದೀರಾ?"

"ಸೊಸೆ ಬಾಣಂತನಕ್ಕೆ ಓದ್ಮೇಲೆ ನಾನೇ ಸರ್ಮಾಡ್ಕೊಂಡೆ. ಸೋಮ್ವಾರ ನಂದು ಒಪ್ಪತ್ತು. ಬರೀ ಒಟ್ಟೇಲಿ ಗಟ್ಟಿ ಮಾತ್ರೆ ತಡೀತದಾ? ಒಪ್ಪತ್ತು ಇಡಿದಿದ್ರಲ್ವಾ ಡಾಕ್ಟ್ರಿಗೆ ಗೊತ್ತಾಗೋದು. ಅದ್ಕೆ ಸೋಮ್ವಾರಕ್ಕೆ ಸಪ್ಪೆ ಮಾತ್ರೆ ಮಡಿಕಂಡೆ. ಮಿಕ್ಕ ಆರ್ ದಿನ ಮುದ್ದೆ ಉಂಡು ಗಟ್ಟೀದು."

ಮಾತ್ರೆಯ ಪಟ್ಟಿಗಳನ್ನು ತೆಗೆದು ನೋಡಿದೆ. ವಾರಕ್ಕೊಂದರಂತೆ ನುಂಗಬೇಕಾದ ಗಟ್ಟಿ ಮಾತ್ರೆಯ ಹತ್ತರ ಪಟ್ಟಿ ಬರಿದಾಗಿತ್ತು, ದಿನದ ಮಾತ್ರೆ ಹೆಚ್ಚುಕಡಿಮೆ ಹಾಗೇ ಇತ್ತು. ಅಲ್ಲಿಂದಲೇ ತಿ. ನರಸೀಪುರದ ಡಾಕ್ಟರಿಗೆ ಫೋನು ಮಾಡಿದೆ.

"ಇನ್ನೊಂದು ಮಾತ್ರೆಯೂ ಬೇಡ. ರಕ್ತದ ಕಣಗಳು ಕುಸಿದಿರ್ತವೆ. ಈಗಲೇ ಮೈಸೂರಿಗೆ ಹೊರಡಿ" ಎಂದರು ಅವರು.

ಪಕ್ಕದ ಮನೆಯವರ ವ್ಯಾನಿನಲ್ಲಿ ಹೊರಟೆವು. ನಾನು ಅಳುತ್ತಿದ್ದೆ. ಆಕೆ ನನ್ನ ತೊಡೆಯ ಮೇಲೆ ತಲೆಯಿಟ್ಟು, ತುಟಿ ಹೆಚ್ಚು ಅಲುಗಿಸದೆ ಕೇಳಿದರು, "ಮುದ್ದೆ ಇಕ್ನಿಲ್ಲ ಅಂತ ಅಳ್ತಿದ್ದೀಯಾ?"

ಆಸ್ಪತ್ರೆಯಲ್ಲಿ ಹಲವು ದಿನ ಇದ್ದು ಬದುಕಿಕೊಂಡರು. ಅಲ್ಲಿನ ವೈದ್ಯರು "ಇನ್ನೆರಡು ದಿನ ತಡವಾಗಿದ್ದರೆ" ಎಂದು ಅಲ್ಲಿಗೇ ನಿಲ್ಲಿಸಿದ್ದರು. ಬಸ್ಸಿನಲ್ಲಿ ಕೂತಾಗಲೆಲ್ಲ ಆ ಮಾತನ್ನು ನಾನೇ ಮುಗಿಸುತ್ತಿರುತ್ತೇನೆ. ಹೆಚ್ಚು ಹೆದರಿಸುವುದು ಇನ್ನೊಂದು: ಕೀಲು ನೋವು ಆಕೆಗೆ ಆ ತಿಂಗಳು ನಿಜವಾಗಿಯೂ ಇರಲಿಲ್ಲ. ನಾನು ಎಳೆದಿದ್ದ ಅಂಕಿ ಸರಿಯಾಗಿಯೇ ಇತ್ತು.

ಈಗ ಬಾರದವರಿಗೆಲ್ಲ ಫೋನು ಮಾಡುತ್ತೇನೆ. ಎತ್ತದಿದ್ದರೆ ಹೋಗುತ್ತೇನೆ. ಗಟ್ಟಿ ಮಾತ್ರೆಯ ದಿನವನ್ನು ರೋಗಿಗಳನ್ನೇ ಕೇಳಿ ಡಾಕ್ಟರು ಬರೆಯುತ್ತಾರೆ. ಪ್ರೊಫೆಸರು ಖಾಲಿ ಅಂಕಣವನ್ನು ಖಾಲಿಯೇ ಬಿಡಿ ಎನ್ನುತ್ತಾರೆ.

ಹೋದ ತಿಂಗಳು ಮೂಗೂರಿನಲ್ಲಿ ನನ್ನ ಮುಂದೆ ಬಿಸಿ ಮುದ್ದೆ ಬಂತು. ಆಕೆ ತಮಗೂ ಉಪ್ಸಾರು ಬಿಟ್ಟುಕೊಂಡು, ಖಾರ ಕಲಸಿ, ಬಾಯಿಗಿಟ್ಟು, ಹಾಯಾಗಿ ನುಂಗಿದರು. ಅದನ್ನು ನೋಡುತ್ತಾ ನನ್ನ ಕಣ್ಣು ತುಂಬಿತು.

"ನೋಡು," ಎಂದರು ಗೋಡೆಯಾಚೆಯ ಪಕ್ಕದ ಮನೆಯವರಿಗೆ ಕೇಳುವಂತೆ. "ಅಷ್ಟೊಂದ್ ಓದವ್ಳೆ, ಒಂದ್ ಚೂರು ಖಾರ ತಡ್ಕಳಾಕಾಗಲ್ಲ."