ವಾಸೇಯಾ ಅಂಟು ಬಳಿಯದ ದೋಣಿ

ನನ್ನ ದೊಡ್ಡಮ್ಮನ ಮಗಳು ವಾಸೇಯಾಳನ್ನು ಫ್ರೆಂಚನೊಬ್ಬ ಮದುವೆಯಾದದ್ದು ಅವಳ ಚೆಲುವಿಗಾಗಿ ಅಲ್ಲ. ಚೆಲುವೆ ಹೌದು. ಆದರೆ ನಮ್ಮ ಜಲಸಂಧಿಯ ದಡದಲ್ಲಿ ಚೆಲುವೆಯರಿಗೇನೂ ಬರವಿರಲಿಲ್ಲ, ನಾನೇ ಇದ್ದೆ. ಅವಳ ಅಪ್ಪ ಉತ್ತರ ತೀರದ ಬೇಟೆಗಾರರಿಗೆಲ್ಲ ಹಿರಿಯ. ಅವನ ಅಳಿಯನಾದವನಿಗೆ, ಫ್ರೆಂಚರು ಬಾಯಿಬಿಡುತ್ತಿದ್ದ ಬೀವರ್ ಚರ್ಮ ತಾನಾಗಿ ನಡೆದು ಬರುತ್ತಿತ್ತು. ತೂಸೇಂ ಗರೊ ಎಂಬ ಮಹಾಶೂರ ಈ ಸತ್ಯವನ್ನು ಮೂರು ದಿನದಲ್ಲಿ ಕಂಡುಹಿಡಿದ. ನಾಲ್ಕನೆಯ ದಿನ ಪ್ರೇಮದಲ್ಲಿ ಬಿದ್ದ.

ನಮ್ಮ ದಡದ ಕೋಟೆಯ ಮೇಲೆ ಫ್ರಾನ್ಸಿನ ರಾಜನ ಬಾವುಟ ಹಾರುತ್ತಿದ್ದ ಕಾಲ. ತೂಸೇಂ ಬಂದಾಗ ಅವನ ಹತ್ತಿರ ಇದ್ದದ್ದು ಒಂದು ಕೆಂಪು ಟೊಪ್ಪಿಗೆ, ಒಂದು ಚಿಲುಮೆ ಮತ್ತು ಎಂದೂ ತೀರದ ಹಸಿವು. ದೊಡ್ಡಪ್ಪನಿಗೆ ಕೋವಿ, ಕಂಬಳಿ, ತಾಮ್ರದ ಕೊಳಗ ಕೊಟ್ಟ. ಜೊತೆಗೆ ಕೂತು ಹೊಗೆ ಸೇದಿದ. ಅಕ್ಕ ಒಪ್ಪಿದಳು, ಚಾಪೆ ಹಾಸಿದರು. ನಮ್ಮಲ್ಲಿ ಮದುವೆ ಅಂದರೆ ಅಷ್ಟೇ. ಅಂದು ಅವನು ಎರಡೂ ಕೈಯಲ್ಲಿ ಉಂಡ. ಪಾದ್ರಿ ಎಲ್ಲಿ ಎಂದು ಕೇಳಲು ಬಾಯಿ ಬಿಡುವಾಗಿರಲಿಲ್ಲ.

ಮೊದಲ ಚಳಿಗಾಲದಲ್ಲೇ ಸಾಯಬೇಕಾಗಿದ್ದ ಗಂಡಸು. ಅಕ್ಕ ಅವನಿಗೆ ಹಿಮದ ಮೇಲೆ ನಡೆಯುವ ಪಾದುಕೆ ಹೆಣೆದಳು, ಜಿಂಕೆಯ ಚರ್ಮದ ಜೋಡು ಹೊಲಿದಳು, ಒಣಮೀನು ತಿನ್ನಿಸಿದಳು, ಮಾತು ಕಲಿಸಿದಳು. ಒಮ್ಮೆ ಸೊಂಟದವರೆಗೆ ಹಿಮದಲ್ಲಿ ಹೂತು ಅಳುತ್ತಿದ್ದವನನ್ನು ಕೊರಳಪಟ್ಟಿ ಹಿಡಿದು ಎಳೆದು ತಂದಳು. ಚರ್ಮ ಮಾರಲು ಹೋದಾಗ ಮಾಂಟ್ರಿಯಲ್‌ನಲ್ಲಿ ಅವನು ಅದನ್ನೇ ತಾನು ತೋಳ ಕೊಂದ ಕಥೆಯಾಗಿ ಹೇಳಿದನಂತೆ.

ಆದರೆ ಅಕ್ಕ ನಿಜವಾಗಿ ಹೆಸರಾದದ್ದು ದೋಣಿಯ ಕೆಲಸದಲ್ಲಿ. ದೇವದಾರಿನ ಪಕ್ಕೆ ಕೆತ್ತುವುದು ಗಂಡಸರ ಕೆಲಸ. ದೋಣಿಯ ಮೈಯಾಗುವ ಬರ್ಚ್ ಮರದ ತೊಗಟೆಯನ್ನು ಬೇರಿನ ನಾರಿನಿಂದ ಹೊಲಿಯುವುದು, ಹೊಲಿಗೆಯ ಮೇಲೆ ಮರದ ಅಂಟು ಬಳಿಯುವುದು ಹೆಂಗಸರದ್ದು. ಅಂಟಿಗೆ ಕೊಬ್ಬು ಕಡಿಮೆಯಾದರೆ ಚಳಿಗೆ ಸಿಡಿಯುತ್ತದೆ, ಹೆಚ್ಚಾದರೆ ಬಿಸಿಲಿಗೆ ಹರಿಯುತ್ತದೆ. ದಾರಿಯಲ್ಲಿ ಸಣ್ಣ ತೂತು ಮುಚ್ಚಲು ಗಂಡಸರಿಗೂ ಬರುತ್ತದೆ. ಆದರೆ ಅವರ ಜೇಬಿನಲ್ಲಿರುವ ಅಂಟಿನ ಉಂಡೆ ನಾವು ಕಾಸಿ ಕೊಟ್ಟದ್ದು. ಅಕ್ಕನ ಹದ ಇಡೀ ದಡದಲ್ಲಿ ಯಾರಿಗೂ ಬರಲಿಲ್ಲ.

ಒಂಬತ್ತು ವರ್ಷ ಹೀಗೆ ಕಳೆಯಿತು. ಏಳು ವರ್ಷದ ಮಗಳು. ಕೂಸಾಗಿದ್ದಾಗ ಪಾದ್ರಿ ಅವಳ ತಲೆಗೆ ನೀರು ಹಾಕಿ ಸುಜಾನ್ ಎಂದು ಕರೆದಿದ್ದ. ನೀರು ತಾನೆ ಎಂದು ಅಕ್ಕ ಸುಮ್ಮನಿದ್ದಳು. ನಾವು ಕರೆಯುತ್ತಿದ್ದದ್ದು ಅಮಿಕೋನ್ಸ್, ಮರಿ ಬೀವರ್ ಎಂದು.

ಆ ಬೇಸಗೆಯ ಕೊನೆಗೆ, ಚರ್ಮ ಹೇರಿದ ದೋಣಿಗಳು ಮಾಂಟ್ರಿಯಲ್‌ಗೆ ಹೊರಡಲು ಐದು ದಿನ ಇದ್ದಾಗ, ತೂಸೇಂ ಗಡ್ಡ ಬೋಳಿಸಿಕೊಂಡು ಬಂದ. ನನಗೆ ಆಗಲೇ ಅನುಮಾನ. ಗಂಡಸು ಕಾರಣವಿಲ್ಲದೆ ಗಡ್ಡ ಬೋಳಿಸುವುದಿಲ್ಲ.

"ಈ ಸಲ ಹೋದ್ರೆ ಬರಲ್ಲ ಕಣೆ," ಎಂದ ಅಕ್ಕನಿಗೆ. "ಅಲ್ಲೊಬ್ಬ ವಿಧವೆ ಇದಾಳೆ. ಕಲ್ಲಿನ ಮನೆ. ಮದುವೆ ಆಗ್ತಿದೀನಿ."

"ಮತ್ತೆ ನಂಗೂ ನಿಂಗೂ ಆಗಿದ್ದು?"

"ಪಾದ್ರಿ ಇಲ್ದೆ ಆಗಿದ್ದು ಮದುವೇನೇ ಅಲ್ವಂತೆ. ನಾನು ಹೇಳ್ತಿರೋದಲ್ಲ, ಅವರು ಹೇಳಿದ್ದು."

ಅಕ್ಕ ಅವನ ಗಂಟನ್ನೆತ್ತಿ ಬಾಗಿಲಾಚೆ ಇಟ್ಟಳು. ನಮ್ಮಲ್ಲಿ ಗಂಡನನ್ನು ಬಿಡುವುದಕ್ಕೂ ಅಷ್ಟೇ ಸಾಕು. ಮಹಾಶೂರ ಗಂಟು ನೋಡಿದ, ಆದರೆ ಕದಲಲಿಲ್ಲ.

"ಸುಜಾನ್‌ನ ಕರ್ಕೊಂಡು ಹೋಗ್ತೀನಿ. ಕನ್ಯಾಸ್ತ್ರೀಯರ ಮಠದಲ್ಲಿ ಬಿಟ್ರೆ ಮನುಷ್ಯಳಾಗ್ತಾಳೆ."

"ಈಗೇನಾಗಿದಾಳೆ?" ಅಂದಳು ಅಕ್ಕ.

ನಾನು ಮೀನು ಸುಡುತ್ತಿದ್ದವಳು ಎದ್ದು ಬಂದೆ. ನಮ್ಮಲ್ಲಿ ಭಾವನನ್ನು ಕಾಡುವುದು ನಾದಿನಿಯ ಹಕ್ಕು.

"ಭಾವ, ನಾನು ದಡ್ಡಿ, ಸ್ವಲ್ಪ ಬಿಡಿಸಿ ಹೇಳು. ಮದುವೆ ಆಗಿಲ್ಲ ಅಂದ್ಮೇಲೆ ನೀನು ಗಂಡ ಅಲ್ಲ. ಗಂಡ ಅಲ್ದೋನು ಈ ಮನೆ ಮಗೂಗೆ ಅಪ್ಪ ಹೆಂಗಾದೆ?"

"ಜ್ಞಾನಸ್ನಾನ ಆಗಿದೆ. ಪಾದ್ರಿ ಪುಸ್ತಕದಲ್ಲಿ ನನ್ನ ಹೆಸರಿದೆ."

"ಓಹೋ. ಚರ್ಮ ಬೇಕಾದಾಗ ಗಂಡ, ವಿಧವೆ ಬೇಕಾದಾಗ ಬ್ರಹ್ಮಚಾರಿ, ಮಗು ಬೇಕಾದಾಗ ಅಪ್ಪ. ಒಂದೇ ಟೊಪ್ಪಿಗೇಲಿ ಮೂರು ತಲೆ."

ಅವನು ನಗಲಿಲ್ಲ. ಕೋಟೆಯ ದಳಪತಿ ಇಬ್ಬರು ಸಿಪಾಯಿಗಳನ್ನು ಕೊಡುತ್ತಾನೆ, ತಡೆದರೆ ನೋಡಿಕೊಳ್ಳಿ ಎಂದ. ಅಲ್ಲಿಗೆ ನನ್ನ ತಮಾಷೆಯೂ ಬತ್ತಿತು. ಅವನ ಪ್ರಾಣ, ಅವನ ಮಾತು, ಕಾಲಿನ ಜೋಡು ಎಲ್ಲ ಅಕ್ಕ ಕೊಟ್ಟದ್ದು. ಅದೇ ಜೋಡು ಮೆಟ್ಟಿಕೊಂಡು ಅವಳ ಹೊಟ್ಟೆಯಲ್ಲಿ ಹುಟ್ಟಿದ್ದನ್ನು ಕಿತ್ತುಕೊಳ್ಳಲು ನಿಂತಿದ್ದ. ಹೊಳೆ ದಾಟಿದ ಮೇಲೆ ಅಂಬಿಗನನ್ನು ಮರೆಯುವವರನ್ನು ಎಲ್ಲರೂ ಕಂಡಿದ್ದಾರೆ. ಈತ ದೋಣಿ ಹತ್ತುವ ಮೊದಲೇ ಮರೆತ.

ಅಲ್ಲೇ ಅವನು ಎಡವಿದ್ದು. ನಾಲ್ಕು ದೋಣಿಗಳೂ ದಡದಲ್ಲಿ ಬೋರಲಾಗಿ ಬಿದ್ದಿದ್ದವು, ಹೊಲಿಗೆಗಳೆಲ್ಲ ಬಾಯಿಬಿಟ್ಟು. ಮರುದಿನ ಬೆಳಿಗ್ಗೆ ಅಂಟು ಬಳಿಯಬೇಕು. ಅಕ್ಕ ಬೆಂಕಿ ಹಚ್ಚಲಿಲ್ಲ. ನಾನೂ ಹಚ್ಚಲಿಲ್ಲ. ಅಕ್ಕನಂತೆ ಫ್ರೆಂಚರನ್ನು ಕಟ್ಟಿಕೊಂಡಿದ್ದ ನಮ್ಮ ಹೆಂಗಸರು ಹನ್ನೊಂದು ಜನ. ಅವರೂ ತಮ್ಮ ಅಂಟಿನ ಉಂಡೆಗಳನ್ನು ಮಡಿಲಲ್ಲಿ ಕಟ್ಟಿಕೊಂಡು ನೀರಿನ ಕಡೆ ಬೆನ್ನು ಹಾಕಿ ಕೂತರು. ಯಾರೂ ಯಾರಿಗೂ ಹೇಳಿಕೊಡಲಿಲ್ಲ. ಎಲ್ಲರಿಗೂ ಮಕ್ಕಳಿದ್ದವು.

ಆಗ ತೂಸೇಂ ತಾನೇ ಅಂಟು ಕಾಸುವ ಪರಾಕ್ರಮಕ್ಕೆ ಇಳಿದ. ಮರದಿಂದ ಹಸಿ ಅಂಟು ಕೆರೆದು ತಂದ, ಕರಡಿಯ ಕೊಬ್ಬನ್ನು ಧಾರಾಳವಾಗಿ ಸುರಿದ, ಹುಬ್ಬು ಸುಟ್ಟುಕೊಂಡ. ದೋಣಿ ಪಳಪಳ ಹೊಳೆಯಿತು. ಮಧ್ಯಾಹ್ನದ ಬಿಸಿಲಿಗೆ ಅಂಟೆಲ್ಲ ಬೆಣ್ಣೆಯಾಗಿ ಇಳಿಯಿತು. ಹಟಕ್ಕೆ ಬಿದ್ದು ನೀರಿಗೆ ತಳ್ಳಿ ಹತ್ತಿದ. ಹದಿನೈದು ಹುಟ್ಟು ಹಾಕುವಷ್ಟರಲ್ಲಿ ದೋಣಿ ಮುಳುಗಿತು. ಟೊಪ್ಪಿಗೆ ಮಾತ್ರ ತೇಲಿತು.

"ಭಾವ," ಎಂದು ಕೂಗಿದೆ, "ವಿಧವೆಗೆ ಈಜು ಬರುತ್ತಾ ಕೇಳ್ಕೊಂಡಿದೀಯಾ?"

ಅವನನ್ನೂ ದೋಣಿಯನ್ನೂ ಜೊತೆಗಾರರು ದಡಕ್ಕೆ ಎಳೆದು ಹಾಕಿದರು. ಎರಡು ದಿನ ಕಳೆಯಿತು. ಉಳಿದ ಫ್ರೆಂಚರು ಅವನ ಮೇಲೆ ತಿರುಗಿಬಿದ್ದರು. ತಡವಾದರೆ ದಾರಿಯ ದೊಡ್ಡ ಸರೋವರದಲ್ಲಿ ಬಿರುಗಾಳಿ ಏಳುತ್ತದೆ.

"ಏ ತೂಸೇಂ, ನಿನ್ನೊಬ್ಬನ ಹಟಕ್ಕೆ ನಾವೆಲ್ಲ ಇಲ್ಲೇ ಕೊಳೀಬೇಕಾ?" ಎಂದ ಚುಕ್ಕಾಣಿಯವನು. "ಸಿಪಾಯಿಗಳ್ನ ಕರೀತೀಯಲ್ಲ, ಅವರ ಕೈಲೇ ಅಂಟು ಹಚ್ಸು."

ನಾಲ್ಕನೆಯ ದಿನ ಮಹಾಶೂರ ಅಕ್ಕನ ಮುಂದೆ ಬಂದು ನಿಂತ. ಹುಬ್ಬಿಲ್ಲದ ಮುಖ, ಸುಲಿದ ಬೀವರ್‌ನಂತೆ.

"ಮಗು ಇಲ್ಲೇ ಇರ್ಲಿ. ಬಳಿ."

"ಯಾರ ಮಗು?"

ಅವನು ಸುತ್ತ ನೋಡಿದ. ಹನ್ನೊಂದು ಬೆನ್ನುಗಳೂ ಈಗ ಮುಖಗಳಾಗಿ ತಿರುಗಿದ್ದವು.

"ನಿಂದು," ಎಂದ.

ಅಕ್ಕ ಬೆಂಕಿ ಹಚ್ಚಿದಳು. ಆದರೆ ಅವಳಿಗೆ ಆ ನಾಲಿಗೆಯ ಪರಿಚಯ ಒಂಬತ್ತು ವರ್ಷದ್ದು. ನಾವು ಉಳಿದ ಮೂರು ದೋಣಿಗಳಿಗೆ ಬಳಿದೆವು. ಅವನ ದೋಣಿಗೆ ಅವಳೇ ಬಳಿದಳು, ಮೂತಿಯ ಕೆಳಗಿನ ಒಂದು ಹೊಲಿಗೆ ಬಿಟ್ಟು. ಅಮಿಕೋನ್ಸ್‌ಳನ್ನು ಮಗುವಿನ ಸೋದರಮಾವನ ಜೊತೆ, ನೀರಿನಲ್ಲಿ ತಾನಾಗಿ ಬೆಳೆಯುವ ಕಾಡುಭತ್ತದ ಕೆರೆಗೆ ಕಳಿಸಿದಳು, ಎರಡು ದಿನದ ದಾರಿ. ಸೋದರಮಾವ ಅವಳನ್ನು ಅಲ್ಲಿದ್ದ ನಮ್ಮವರ ಬಳಿ ಬಿಟ್ಟು ಮರಳಿ ಬಂದು ತಲೆಯಾಡಿಸುವವರೆಗೆ ನಾಲ್ಕು ದಿನ ಆ ಹೊಲಿಗೆ ಬಾಯಿಬಿಟ್ಟುಕೊಂಡೇ ಇತ್ತು. ನಾಲ್ಕೂ ದೋಣಿ ಒಟ್ಟಿಗೇ ಹೊರಡಬೇಕೆಂಬ ಕೋಟೆಯ ಕಟ್ಟಳೆಗೆ ಕಟ್ಟುಬಿದ್ದು ಹದಿನೆಂಟು ಗಂಡಸರು ದಡದಲ್ಲಿ ಕೂತು ಆ ಒಂದು ಗೇಣು ಹೊಲಿಗೆಯನ್ನು ನೋಡುತ್ತ ತಮ್ಮ ಒಣಜೋಳ ತಿಂದು ಮುಗಿಸಿದರು. ತೂಸೇಂ ಎರಡು ಸಲ ಬೈದ, ಒಂದು ಸಲ ಅತ್ತ. ಅಕ್ಕ ತಾನು ಹೆಣೆಯುತ್ತಿದ್ದ ಬುಟ್ಟಿಯಿಂದ ತಲೆಯೆತ್ತಲಿಲ್ಲ.

ಕೊನೆಯ ಹೊಲಿಗೆಗೆ ಅಂಟು ಬಳಿದು ಹೆಬ್ಬೆರಳಿನಿಂದ ಒತ್ತಿದಾಗ ಅವನು ಮೆಲ್ಲಗೆ ಕೇಳಿದ:

"ಮಾಂಟ್ರಿಯಲ್‌ವರೆಗೂ ತಡೀತದಾ?"

"ತಡೀತದೆ. ಅರ್ಧ ದಾರೀಲಿ ಕೆಟ್ಟು ನೀನು ವಾಪಸ್ ಬರೋ ಹಂಗೆ ನಾನ್ಯಾಕೆ ಮಾಡ್ಲಿ?"

ದೋಣಿಗಳು ತಿರುವಿನಲ್ಲಿ ಮರೆಯಾಗುವ ಮೊದಲೇ ಅವಳು ಕೆರೆಯ ದಾರಿ ಹಿಡಿದಿದ್ದಳು. ಅವಳು ಅಳಲಿಲ್ಲ ಎಂದರೆ ಸುಳ್ಳಾಗುತ್ತದೆ. ದಾರಿಯುದ್ದಕ್ಕೂ ಅತ್ತಳು, ಮುಂದೆ ನಡೆಯುತ್ತಿದ್ದ ನನಗೆ ಕೇಳಿಸುವುದಿಲ್ಲ ಎಂದುಕೊಂಡು. ಕೆರೆ ತಲುಪಿದ ಮೇಲೆ ಮಗಳನ್ನು ಮುಂದೆ ಕೂರಿಸಿಕೊಂಡು ದೋಣಿ ಇಳಿಸಿ ಭತ್ತದ ತೆನೆಗಳನ್ನು ಅದರೊಳಗೆ ಬಡಿಯತೊಡಗಿದಳು. ಒಂದೊಂದು ಏಟಿಗೆ ಒಂದೊಂದು ಫ್ರೆಂಚ್ ಬೈಗುಳ. ಒಂಬತ್ತು ವರ್ಷದಲ್ಲಿ ಅವನಿಂದ ಕಲಿತದ್ದರಲ್ಲಿ ಕೆಲಸಕ್ಕೆ ಬಂದದ್ದು ಅದೊಂದೇ.