ಚಕ್ರವರ್ತಿಯ ಬೆನ್ನಿಗೆ ಕೆಂಪು ಬಟ್ಟೆ

ಚೀನಾದ ಯಾಂಗ್‌ಝೌ ಊರಿನ ಬೆನ್ನುಗಳಿಗೆಲ್ಲ ಒಬ್ಬ ಚಕ್ರವರ್ತಿ ಇದ್ದ. ಹೆಸರು ದೈ, ಊರಿನ ಸಾರ್ವಜನಿಕ ಸ್ನಾನಗೃಹದಲ್ಲಿ ಗಿರಾಕಿಗಳ ಬೆನ್ನುಜ್ಜುವುದು ಕಸುಬು. ಅಲ್ಲಿನ ಹಬೆಯೇ ಅವನ ರಣರಂಗ, ಕೈಗೆ ಸುತ್ತಿಕೊಂಡ ಒದ್ದೆ ಟವೆಲ್ಲೇ ಖಡ್ಗ. ಅವನು ಉಜ್ಜಿದ ಬೆನ್ನಿನ ಮೇಲೆ ಕೊಳೆ, ಸತ್ತ ಚರ್ಮ, ಅಧಿಕಾರದ ಗತ್ತು ಯಾವುದೂ ಉಳಿಯುತ್ತಿರಲಿಲ್ಲ. ಆ ಟವೆಲ್ಲುಗಳನ್ನು ಒಗೆಯುತ್ತಿದ್ದವಳು ಹೆಂಡತಿ ಸುಯಿನ್. ಚಕ್ರವರ್ತಿಯ ಶಸ್ತ್ರಾಗಾರ ತನ್ನ ವಶದಲ್ಲಿದೆ ಎಂದು ಅವಳಿಗೆ ಒಳಗೊಳಗೇ ಜಂಬ. ಚಕ್ರವರ್ತಿ ಮಾತ್ರ ಒಂದು ದಿನವೂ ಅವಳ ಕೈಗೆಲಸವನ್ನು ಹೊಗಳಿದವನಲ್ಲ.

ವಯಸ್ಸಾದ ಮೇಲೆ ದೈಗೆ ಮರೆವಿನ ಕಾಯಿಲೆ ಹತ್ತಿತು. ಮೊದಲು ಬೀದಿಗಳು ಹೋದವು, ಆಮೇಲೆ ಜನರ ಹೆಸರುಗಳು. ಸುಯಿನ್ ಎಂಬ ಹೆಸರೊಂದು ಇನ್ನೂ ಗಟ್ಟಿಯಾಗಿ ಕೂತಿತ್ತು. ಅದನ್ನು ಕಾಯಿಲೆಗೆ ಬಿಟ್ಟುಕೊಡಲು ಅವಳು ತಯಾರಿರಲಿಲ್ಲ. ಮರೆವಿಗೆ ಔಷಧವೆಂದರೆ ಬೆಟ್ಟದ ನೆರಳಲ್ಲಿ ಬೆಳೆಯುವ ಪಾಚಿಯಂಥ ಗಿಡದ ಸಾರ, ಅದನ್ನು ಮಾತ್ರೆಯಲ್ಲಿ ಕೊಟ್ಟರೆ ಅವನಿಗೆ ವಾಂತಿ. ಹಾಗಾಗಿ ಡಾಕ್ಟರಮ್ಮ ಯಾನ್ ಅದೇ ಸಾರ ತುಂಬಿದ ತೆಳುವಾದ ಪಟ್ಟಿ ಕೊಟ್ಟರು. ಬೆನ್ನಿಗೆ ಅಂಟಿಸಿದರೆ ಔಷಧ ಚರ್ಮದೊಳಗೆ ಮೆಲ್ಲಗೆ ಇಳಿಯುತ್ತದೆ.

"ಹೋಗಿದ್ದು ವಾಪಸ್ ಬರಲ್ಲ ಅಜ್ಜಿ. ಇರೋದು ಒಂದಷ್ಟು ಕಾಲ ನಿಲ್ಲಬಹುದು. ಆದ್ರೆ ಪಟ್ಟಿ ಮೈಮೇಲೆ ಇರ್ಬೇಕು."

ಯುದ್ಧ ಶುರುವಾದದ್ದೇ ಅಲ್ಲಿ. ಕೈಗೆ ಸಿಗಬಾರದೆಂದು ಬೆನ್ನಿನ ನಟ್ಟನಡುವೆ ಅಂಟಿಸಿದರೆ, ದೈ ಟವೆಲ್ಲನ್ನು ಹೆಗಲ ಮೇಲಿಂದ ಇಳಿಬಿಟ್ಟು, ಎರಡೂ ತುದಿ ಹಿಡಿದು ಗರಗಸದಂತೆ ಎಳೆಯುತ್ತಿದ್ದ. ಕಿತ್ತ ಪಟ್ಟಿ ಹೋಗಿ ಬೆಕ್ಕಿನ ಬೆನ್ನಿಗೆ ಅಂಟುತ್ತಿತ್ತು. ಆ ಮನೆಯಲ್ಲಿ ಜ್ಞಾಪಕಶಕ್ತಿ ಹೆಚ್ಚಿದ್ದು ಬೆಕ್ಕಿಗೆ ಮಾತ್ರ.

"ಯಾಕ್ ಕಿತ್ತೆ ಮುದುಕಪ್ಪಾ?"

"ಸತ್ತ ಚರ್ಮ ಕಣೆ. ಹಿಂಗೇ ಬಿಟ್ರೆ ನನ್ನ ಮರ್ಯಾದೆ ಏನಾಗ್ಬೇಕು?"

"ಅದು ನಿಂದೇ ಬೆನ್ನು."

"ಯಾರದಾದ್ರೇನು? ಕೊಳೆ ಕೊಳೆನೇ."

ಈ ಸಲವೂ ಪಟ್ಟಿ ನಿಲ್ಲದಿದ್ದರೆ ಔಷಧ ನಿಲ್ಲಿಸಬೇಕಾಗುತ್ತದೆ ಎಂದರು ಡಾಕ್ಟರಮ್ಮ. ಅದೇ ವಾರ ದೈಯ ಹಳೆಯ ಶಿಷ್ಯ ಗೆಂಗ್, ಶುಂಠಿ ಹಾಕಿದ ತೋಫು ಎಳೆಗಳ ಡಬ್ಬಿ ಹಿಡಿದು ಬಂದ. ತಿನ್ನುತ್ತಾ ತನ್ನ ಕೆನ್ನೆ ಸವರಿಕೊಂಡ.

"ಒಂದ್ಸಲ ಗಿರಾಕಿ ಸೊಂಟನೋವಿಗೆ ಹಾಕ್ಕೊಂಡಿದ್ದ ಕೆಂಪು ಬಟ್ಟೆ ಮುಲಾಮು ಪಟ್ಟಿನ ಉಜ್ಜಿ ಎಬ್ಬಿಸ್ಬಿಟ್ಟಿದ್ದೆ ಅಮ್ಮಾ. ಒದ್ದೆ ಟವೆಲ್ಲಲ್ಲೇ ಬಾರಿಸಿದ್ರು ಗುರುಗಳು. ಗಿರಾಕಿ ಔಷಧ ಮುಟ್ಟೋ ಕೈ ಈ ಕಸುಬಿಗೆ ಬೇಡ ಅಂದ್ರು."

ಸುಯಿನ್‌ಳ ತುತ್ತು ಬಾಯಿಯ ಹತ್ತಿರವೇ ನಿಂತಿತು. ಇಷ್ಟು ದಿನ ತಲೆಗೆ ಬುದ್ಧಿ ಹೇಳಿದ್ದಾಯಿತು. ಇನ್ನು ಕೈಗೇ ಹೇಳಬೇಕು.

ಮೇಲೊಂದು ಬಟ್ಟೆ ಹೊದಿಸಬಹುದೇ ಎಂದು ಡಾಕ್ಟರಮ್ಮನಿಗೆ ಫೋನ್ ಮಾಡಿದಳು. "ತೆಳು ಬಟ್ಟೆ ಆದ್ರೆ ಪರವಾಗಿಲ್ಲ. ಬಿಸಿನೀರು ಮಾತ್ರ ತಾಗಿಸ್ಬೇಡಿ" ಎಂದರು. ಸ್ನಾನಗೃಹದ ಚಕ್ರವರ್ತಿಯನ್ನು ಉಗುರುಬೆಚ್ಚಗಿನ ನೀರಿಗೆ ಒಪ್ಪಿಸಿದ್ದು ಬೇರೆಯೇ ಮಹಾಯುದ್ಧ, ಅದಿರಲಿ. ಸುಯಿನ್ ಹಳೆಯ ಕೆಂಪು ಹೊದಿಕೆಯಿಂದ ಒಂದು ತುಂಡು ಕತ್ತರಿಸಿ, ಮೂಲೆಗಳನ್ನು ದುಂಡಗೆ ಮಾಡಿ, ಪಟ್ಟಿಯ ಮೇಲೆ ಅಂಟಿಸಿದಳು.

ಮರುದಿನ ಬೆಳಿಗ್ಗೆ ಟವೆಲ್ ಹೆಗಲೇರಿತು. ಗರಗಸ ಒಮ್ಮೆ ಎಳೆಯಿತು, ಬಟ್ಟೆಯ ಅಂಚಿಗೆ ತಾಗಿ ನಿಂತಿತು. ದೈ ಕೈಯನ್ನು ಕೆಳಗಿನಿಂದ ಹಿಂದಕ್ಕೆ ತಿರುಗಿಸಿ, ಬೆರಳ ತುದಿಯಲ್ಲಿ ನೇಯ್ಗೆಯನ್ನು ಸವರಿದ. ಆಮೇಲೆ ಟವೆಲ್ ದ್ವೀಪ ಸುತ್ತುವ ದೋಣಿಯಂತೆ ಅದರ ಪಕ್ಕದಲ್ಲೇ ನಾಜೂಕಾಗಿ ಬಳಸಿ ಹೋಯಿತು.

"ಒಂದಂಚೂ ಎದ್ದಿಲ್ಲ" ಎಂದ. "ಒಳ್ಳೇ ಕೈ."

"ಯಾರ ಕೈ ಅಂತೆ?"

"ಸುಯಿನ್ ಬಿಟ್ರೆ ಇನ್ಯಾರಿಗೆ ಬರತ್ತೆ ಇದು?"

ಸುಯಿನ್ ಟವೆಲ್ ಒಣಹಾಕಲು ಅಂಗಳಕ್ಕೆ ಬಂದಳು. ತಲೆ ಎಷ್ಟು ಎತ್ತರಕ್ಕಿತ್ತೆಂದರೆ, ಕತ್ತು ಉಳುಕಿತೇ ಎಂದು ಪಕ್ಕದ ಮನೆಯವಳು ಕೇಳಿದಳು.