ಓರಗಿತ್ತಿಯ ಸೆರಗಿನ ಬೀಗದ ಕೈ

ಮನುಷ್ಯನ ಪ್ರಾಣಕ್ಕಿಂತ ದೊಡ್ಡದು ಈ ಲೋಕದಲ್ಲಿ ಯಾವುದೂ ಇಲ್ಲ. ಈ ಮಹಾಸತ್ಯವನ್ನು ಹೊತ್ತು ನಾನು ಮಧುಗಿರಿಯಿಂದ ಲಗೇಜ್ ಆಟೋದಲ್ಲಿ, ತಗಡಿನ ಪೆಟ್ಟಿಗೆಗಳ ನಡುವೆ ಮೊಣಕಾಲು ಮಡಚಿಕೊಂಡು ಹೊರಟೆ.

ಆತ್ಮಹತ್ಯೆ ತಡೆಯುವ ಬಗೆಯನ್ನು ಅಧ್ಯಯನ ಮಾಡುವುದು ನನ್ನ ಉದ್ಯೋಗ. ಸಾಯಬೇಕೆನ್ನಿಸುವ ಗಳಿಗೆ ಬಹಳ ಸಲ ಬಂದಷ್ಟೇ ಬೇಗ ಹೋಗುತ್ತದೆ. ಆಗ ಹೊಲಕ್ಕೆ ಹೊಡೆಯುವ ಔಷಧಿ ಕೈಗೆ ಸಿಗದಿದ್ದರೆ ಎಷ್ಟೋ ಜೀವಗಳು ಉಳಿಯುತ್ತವೆ. ಆ ಔಷಧಿ ಇಡಲೆಂದೇ ಈ ಬೀಗದ ಪೆಟ್ಟಿಗೆ. ಬಡವನಹಳ್ಳಿಯ ಆಚೆಗಿನ ಒಂದು ಊರಿನಲ್ಲಿ ಮನೆಗೊಂದು ಹಂಚಿದೆವು.

ತಿಂಗಳ ಮೇಲೆ ತಪಾಸಣೆಗೆ ಹೋದಾಗ ನನ್ನ ಕಣ್ಣಿದ್ದದ್ದು ಒಂದೇ ಮನೆಯ ಮೇಲೆ. ಹೊಟ್ಟೆಯಲ್ಲಿದ್ದ ಕೂಸು ಹೋದಂದಿನಿಂದ ಅಲ್ಲಿನ ಸೊಸೆ ಬದುಕುವುದೇ ಬೇಡ ಎನ್ನುತ್ತಿದ್ದಾಳೆಂದು ಆಶಾ ಕಾರ್ಯಕರ್ತೆ ಹೇಳಿದ್ದರು. ಪೆಟ್ಟಿಗೆಗೆ ಬೀಗ ಬಿದ್ದಿತ್ತು, ಮೇಲೆ ಅರಿಶಿನ ಕುಂಕುಮವೂ ಇತ್ತು. ನಾನು ಹಿಗ್ಗಿದೆ. ಅತ್ತೆ ತೆಗೆದು ತೋರಿಸಿದರು: ರೇಷ್ಮೆ ಸೀರೆ, ರೇಷನ್ ಕಾರ್ಡು, ಒಂದು ಡಬ್ಬಿ ತಂಬಿಟ್ಟು.

"ಔಷಧಿ?" ಎಂದೆ.

"ಅದು ಕೊಟ್ಟಿಗೇಲೇ ಐತೆ. ಇಂಥ ಒಳ್ಳೆ ಪೆಟ್ಗೇಲಿ ಆ ಗಬ್ಬುನಾತದ್ದು ಮಡಗಾದಾ ಸಾರ್?"

ಸಭೆಗಳಲ್ಲಿ ಮಾಡುವ ಭಾಷಣವನ್ನೆಲ್ಲ ಅಲ್ಲೇ ಮಾಡಿದೆ. ಅತ್ತೆ ಪೂರ್ತಿ ಕೇಳಿ, ಬಾಗಿಲ ಬಳಿ ನಿಂತಿದ್ದ ಸೊಸೆಯ ಕಡೆ ಒಮ್ಮೆ ನೋಡಿ, ಕೊಟ್ಟಿಗೆಯಿಂದ ಬಾಟಲಿ ತಂದು ಸೀದಾ ಎದುರು ಮನೆಗೆ ನಡೆದರು. ನಾನೂ ಹಿಂದೆ ಹೋದೆ. ಅಲ್ಲಿರುವುದು ಅವರ ಓರಗಿತ್ತಿ. ಕಣದ ಜಾಗಕ್ಕೆ ಜಗಳವಾಗಿ ಇಬ್ಬರಿಗೂ ನಾಲ್ಕು ವರ್ಷದಿಂದ ಮಾತಿರಲಿಲ್ಲ.

"ಇದ್ನ ನಿನ್ ಪೆಟ್ಗೇಲಿ ಮಡಿಕ. ಬೀಗದ ಕೈ ನಿನ್ತಾವೇ ಇರ್ಲಿ. ಹುಡುಗಿ ಕೇಳುದ್ರೆ ಕೊಡ್ಬ್ಯಾಡ. ನಾನು ಕೇಳುದ್ರೂ ಯಾಕೆ ಅಂತ ಕೇಳು, ಬೈದು ಕಳ್ಸು."

"ಬೈಯಾದ್ನ ನಂಗೆ ನೀನು ಹೇಳ್ಕೊಡ್ಬೇಕೇನಕ್ಕ," ಎಂದು ಓರಗಿತ್ತಿ ಬಾಟಲಿಯನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ, ಬೀಗದ ಕೈಯನ್ನು ಸೆರಗಿಗೆ ಗಂಟು ಹಾಕಿಕೊಂಡರು. ಆಮೇಲೆ ಸೊಸೆಯನ್ನು ಕರೆದು ಕಾಫಿ ಕೊಟ್ಟರು.

ನನ್ನ ಫಾರಂನಲ್ಲಿ ಇದಕ್ಕೆ ಕಾಲಂ ಇರಲಿಲ್ಲ. 'ಇತರೆ' ಎಂದು ಬರೆದೆ.

ಸೊಸೆ ಕಾಫಿ ಕುಡಿದ ಮೇಲೆ, ಸಾಯುವ ಯೋಚನೆ ಬರುತ್ತದೆಯೇ ಎಂದು ನೇರವಾಗಿಯೇ ಕೇಳಿದೆ. ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎಂಬುದು ಸುಳ್ಳು.

"ಬತ್ತದೆ ಸಾರ್. ಇಂಗೆ ಯಾರೂ ಕೇಳಿರ್ಲಿಲ್ಲ," ಎಂದಳು.

ಅದೇ ವಾರ ಮನೋವೈದ್ಯರಿಗೆ ತೋರಿಸಿದೆವು. ತಿಂಗಳು ತಿಂಗಳೂ ಅವಳ ಎಡಕ್ಕೊಬ್ಬರು ಬಲಕ್ಕೊಬ್ಬರಂತೆ ಅತ್ತೆ, ಓರಗಿತ್ತಿ ಇಬ್ಬರೂ ಬಸ್ಸಿನಲ್ಲಿ ಕೂತು ಬರುತ್ತಿದ್ದರು. ಬಂದ ತಪ್ಪಿಗೆ ತಮ್ಮ ಮಂಡಿನೋವನ್ನೂ ಆ ವೈದ್ಯರಿಗೇ ಹೇಳುತ್ತಿದ್ದರು.

ಎರಡು ವರ್ಷವಾಗಿದೆ. ಸೊಸೆ ಬದುಕಿದ್ದಾಳೆ, ಬಡವನಹಳ್ಳಿಯಲ್ಲಿ ಬಟ್ಟೆ ಹೊಲಿಯುತ್ತಾಳೆ.